ಮಾತಿಲ್ಲದೆ ನಗಿಸುವ ಗಿಟಾರು

ಹಾಡಿನಲ್ಲಿ ಮಾತಿದ್ದರೆ ನಗಿಸುವ ದಾರಿಗಳು ಹಲವು. ಕೈಲಾಸಂ ಅವರ ಹಾಡುಗಳನ್ನು ಗುನುಗಿ ಬೆಳೆದ ಕನ್ನಡಿಗರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಸಾಹಿತ್ಯದ ಹಂಗಿಲ್ಲದೆ, ಬರೀ ಗಿಟಾರು, ಡ್ರಮ್ಮುಗಳಿಂದ ಕೇಳುಗರ ಮುಖ ಅರಳಿಸುವುದು ಮಾತ್ರ ಬೇರೆಯದೇ ವಿದ್ಯೆ. ರಾಕ್ ಸಂಗೀತದಲ್ಲಿ ಅದಕ್ಕೊಂದು ಪರಂಪರೆಯೇ ಇದೆ.

ಅದರಲ್ಲಿ ನನಗೆ ಬಹಳ ಪ್ರಿಯವಾದದ್ದು 1963ರ ‘ವೈಪ್ ಔಟ್’. ಕ್ಯಾಲಿಫೋರ್ನಿಯಾದ ಗ್ಲೆಂಡೋರಾ ಊರಿನ ‘ದಿ ಸರ್ಫಾರಿಸ್’ ತಂಡದಲ್ಲಿದ್ದವರು ಶಾಲೆಗೆ ಹೋಗುವ ವಯಸ್ಸಿನ ಹುಡುಗರು. ಅವರು ಸ್ಟುಡಿಯೋಗೆ ಹೋದದ್ದು ‘ಸರ್ಫರ್ ಜೋ’ ಎಂಬ ಹಾಡು ಮುದ್ರಿಸಲು. ತಟ್ಟೆಯ ಇನ್ನೊಂದು ಮಗ್ಗುಲಿಗೂ ಏನಾದರೂ ಬೇಕಲ್ಲ? ಡ್ರಮ್ಮರ್ ರಾನ್ ವಿಲ್ಸನ್ ತನ್ನ ಶಾಲೆಯ ಕವಾಯತು ಬ್ಯಾಂಡಿನ ಪೆಟ್ಟುಗಳನ್ನೇ ನಾಗಾಲೋಟದಲ್ಲಿ ಬಾರಿಸಿದ. ಉಳಿದವರು ಗಿಟಾರು ಹಿಡಿದು ಬೆನ್ನು ಹತ್ತಿದರು. ‘ವೈಪ್ ಔಟ್’ ಅಂದರೆ ಅಲೆಯ ಮೇಲೆ ಜಾರುವವನು ಹಲಗೆ ಸಮೇತ ಮಗುಚಿಬೀಳುವ ಪ್ರಸಂಗ. ಹಾಗಾಗಿ ಮೊದಲಿಗೆ ಮೈಕಿನ ಮುಂದೆ ಮರದ ಹಲಗೆಯೊಂದನ್ನು ಲಟಕ್ಕನೆ ಮುರಿದರು. ಮ್ಯಾನೇಜರ್ ಡೇಲ್ ಸ್ಮಾಲಿನ್ ಹುಚ್ಚುನಗೆ ನಕ್ಕು ಹೆಸರು ಕೂಗಿದರು. ಆಮೇಲೆ ಒಂದು ಮಾತೂ ಇಲ್ಲ. ಗಿಟಾರು ಗಕ್ಕನೆ ನಿಲ್ಲುತ್ತದೆ, ಡ್ರಮ್ಮು ಒಂಟಿಯಾಗಿ ಓಡುತ್ತದೆ, ಇನ್ನೇನು ಬಿತ್ತು ಅನ್ನುವಷ್ಟರಲ್ಲಿ ಗಿಟಾರು ಮತ್ತೆ ಬಂದು ಹಿಡಿದುಕೊಳ್ಳುತ್ತದೆ. ಅಮೆರಿಕದ ಜನಪ್ರಿಯ ಪಟ್ಟಿಯಲ್ಲಿ ಅದು ಎರಡನೇ ಸ್ಥಾನಕ್ಕೇರಿತು.

ಎಡ್ಗರ್ ವಿಂಟರ್ ತಂಡದ ‘ಫ್ರಾಂಕೆನ್‌ಸ್ಟೈನ್’ ಹುಟ್ಟಿದ್ದು ಇನ್ನೊಂದು ಬಗೆಯಲ್ಲಿ. ಉದ್ದುದ್ದ ನುಡಿಸಿದ್ದ ಟೇಪನ್ನು ಕತ್ತರಿಸಿ ಅಂಟಿಸುವಾಗ ಸ್ಟುಡಿಯೋ ತುಂಬ ತುಂಡುಗಳು. ಫ್ರಾಂಕೆನ್‌ಸ್ಟೈನ್ ಕಥೆಯಲ್ಲಿ ಕೈಕಾಲು ಹೊಲಿದು ಕಟ್ಟಿದ ರಾಕ್ಷಸ ನೆನಪಾಗಿ ಅದೇ ಹೆಸರಾಯಿತು. 1973ರಲ್ಲಿ ಅದು ಅಮೆರಿಕದಲ್ಲಿ ಮೊದಲ ಸ್ಥಾನ ಪಡೆಯಿತು.

ನಮ್ಮಲ್ಲಿ ಈ ಕಲೆಯ ಹತ್ತಿರದ ನಂಟು 1987ರ ‘ಪುಷ್ಪಕ ವಿಮಾನ’. ಬೆಂಗಳೂರಿನಲ್ಲಿ ಚಿತ್ರಿಸಿದ, ಸಂಭಾಷಣೆಯೇ ಇಲ್ಲದ ಸಿನಿಮಾ. ಮಂಜುಗಡ್ಡೆಯ ಚೂರಿ ಹಿಡಿದು ಬರುವ ಬಾಡಿಗೆ ಹಂತಕನೂ ಅಲ್ಲಿ ನಗಿಸುತ್ತಾನೆ. ನಿರ್ದೇಶಕ ಸಿಂಗೀತಂ ಶ್ರೀನಿವಾಸರಾಯರು ಮಾತನ್ನು ಕೈಬಿಟ್ಟಾಗ ಆ ಭಾರವನ್ನು ಹೊತ್ತವರು ಎಲ್. ವೈದ್ಯನಾಥನ್. ‘ಮಾಲ್ಗುಡಿ ಡೇಸ್’ಗೆ ಸಂಗೀತ ಕೊಟ್ಟವರೂ ಅವರೇ. ಅದು ರಾಕ್ ಅಲ್ಲ, ನಿಜ, ಆದರೆ ವಿದ್ಯೆ ಅದೇ.

ಇಂಥ ಕೃತಿಗಳಿಗೆ ಸ್ಫೂರ್ತಿ ಎಲ್ಲಿಂದಲೋ ಇಳಿದು ಬರುವುದಿಲ್ಲ. ಶಾಲೆಯ ಕವಾಯತು, ಮುರಿದ ಹಲಗೆ, ಕತ್ತರಿಸಿದ ಟೇಪು: ಎಲ್ಲವೂ ಕೈಗೆಟುಕುವಂಥವು. ಹಾಗೆ ನೋಡಿದರೆ ಆಂಧ್ರದ ಪೆನುಕೊಂಡ, ಹಿಂದೂಪುರಗಳಲ್ಲಿ ಗಿಟಾರು ಕಲಿಯುವ ಹುಡುಗರಿಗೆ ಕೊರತೆಯೇನು? 1565ರ ತಾಳಿಕೋಟೆ ಕದನದ ನಂತರ ವಿಜಯನಗರಕ್ಕೆ ರಾಜಧಾನಿಯಾದ ಊರು ಪೆನುಕೊಂಡ. ಹಿಂದೂಪುರದ ಮಗ್ಗುಲಲ್ಲೇ ಲೇಪಾಕ್ಷಿ. ಅಚ್ಯುತರಾಯನ ಕಾಲದ ವಿರೂಪಣ್ಣ ಕಟ್ಟಿಸಿದ ಆ ಗುಡಿಯ ನಾಟ್ಯಮಂಟಪದಲ್ಲಿ ಬ್ರಹ್ಮ ಮದ್ದಳೆ ಬಾರಿಸುತ್ತಾನೆ, ತುಂಬುರು ವೀಣೆ ಹಿಡಿದಿದ್ದಾನೆ, ರಂಭೆ ಕುಣಿಯುತ್ತಾಳೆ. ಅವರ ನಡುವೆ ನಾಟ್ಯಗುರು ಭೃಂಗಿಗೆ ಮೂರು ಕಾಲು! ಶಿವನೊಬ್ಬನನ್ನೇ ಪೂಜಿಸಿ ಪಾರ್ವತಿಯ ಕೋಪಕ್ಕೆ ಸಿಕ್ಕಿ ಸೊರಗಿ, ನಿಲ್ಲಲಾರದೆ ಹೋದವನಿಗೆ ಶಿವ ಕೊಟ್ಟ ಆಸರೆ ಅದು. ನೆಟ್ಟಗೆ ನಿಲ್ಲಲಾಗದವನು ರಂಭೆಗೆ ಹೆಜ್ಜೆ ಕಲಿಸುತ್ತಾನೆ ಎಂದು ಕಡೆದ ಶಿಲ್ಪಿಗಳ ರಸಿಕತೆ ಎಷ್ಟು ದೊಡ್ಡದು!

ಗುರುವಿಗೆ ಮೂರು ಕಾಲು, ರಾಕ್ ಡ್ರಮ್ಮಿಗೆ ನಾಲ್ಕು ಪೆಟ್ಟು. ಕೂಡಿದರೆ ಏಳು: ತಕಿಟ ತಕಧಿಮಿ, ನಮ್ಮ ಮಿಶ್ರಛಾಪು. ಮೂರರ ಕುಂಟುನಡೆಯನ್ನು ತಮಟೆಗೆ ಕೊಟ್ಟು, ನಾಲ್ಕರ ಓಟವನ್ನು ಗಿಟಾರಿಗೆ ಬಿಟ್ಟರೆ, ಎಡವಿದಂತೆ ಕಂಡು ಎಡವದ ಒಂದು ಕೃತಿ ಸಿದ್ಧವಾಗುತ್ತದೆ. ಗಿಟಾರು ಕಲಿಯುತ್ತಿರುವ ಪೆನುಕೊಂಡದ ಗೆಳೆಯರೇ, ಒಮ್ಮೆ ಲೇಪಾಕ್ಷಿಗೆ ಹೋಗಿ ಭೃಂಗಿಯ ಎದುರು ನಿಂತು ಲೆಕ್ಕ ಹಾಕಿ. ತಮಟೆ ಬಾರಿಸುವ ಹಿರಿಯರೊಬ್ಬರನ್ನೂ ಜೊತೆಗೆ ಕರೆದುಕೊಂಡು ಹೋಗಿ.