ಚೆಂಡು ಎಲ್ಲಿ ಬೀಳುತ್ತದೆಂದು ಫೀಲ್ಡರ್‌ಗೆ ಹೇಗೆ ಗೊತ್ತು?

ಬೆಂಗಳೂರಿನ ನಾಗವಾರದಿಂದ ಉತ್ತರಕ್ಕೆ ಹೊರಡುವ ತಣಿಸಂದ್ರ ಮುಖ್ಯರಸ್ತೆಯ ಆಸುಪಾಸಿನಲ್ಲಿ ಈಗ ಎಲ್ಲಿ ನೋಡಿದರೂ ಬಹುಮಹಡಿ ಕಟ್ಟಡಗಳು. ಅವುಗಳ ನಡುವೆ ಎಲ್ಲಾದರೂ ಒಂದು ಖಾಲಿ ಜಾಗ ಉಳಿದಿದ್ದರೆ ಅಲ್ಲಿ ರಜಾದಿನ ಬೆಳಗ್ಗೆ ಕ್ರಿಕೆಟ್ ನಡೆಯುತ್ತಿರುತ್ತದೆ. ಅಂಥದ್ದೊಂದು ಮೈದಾನದಲ್ಲಿ, ಮಳೆಗಾಲ ಹಿಂದೆ ಸರಿಯುವ ಹೊತ್ತಿಗೆ, ಕಾಲೇಜು ತಂಡವೊಂದು ಪಂದ್ಯಗಳಿಗೆ ಮುನ್ನ ಅಭ್ಯಾಸ ಮಾಡುತ್ತಿದೆ ಎಂದುಕೊಳ್ಳಿ. ತಂಡಕ್ಕೆ ಹೊಸದಾಗಿ ಬಂದ ಪ್ರಥಮ ವರ್ಷದ ಹುಡುಗನೊಬ್ಬ ಮೇಲೆ ಹಾರಿದ ಚೆಂಡುಗಳನ್ನು ಒಂದಾದ ಮೇಲೊಂದರಂತೆ ಹಿಡಿಯುತ್ತಾನೆ. ಚೆಂಡು ಬ್ಯಾಟಿನಿಂದ ಹೊರಟ ಅರ್ಧ ಸೆಕೆಂಡಿನೊಳಗೆ ಅವನ ಕಾಲು ಸರಿಯಾದ ದಿಕ್ಕಿಗೆ ಚಲಿಸಿರುತ್ತದೆ. ಹಿರಿಯ ಆಟಗಾರರು ‘ಇವನ ಕೈಯಲ್ಲಿ ಅಂಟು ಇದೆ’ ಎನ್ನುತ್ತಾರೆ. ಎರಡು ಕ್ಯಾಚ್ ಬಿಟ್ಟ ಇನ್ನೊಬ್ಬನನ್ನು ‘ಇವನಿಗೆ ಬರುವುದಿಲ್ಲ’ ಎಂದು ಮೂಲೆಗೆ ಕಳುಹಿಸುತ್ತಾರೆ.

ಈ ಎರಡೂ ತೀರ್ಮಾನಗಳು ಸರಿಯೇ? ಕ್ಯಾಚ್ ಹಿಡಿಯುವುದು ಹುಟ್ಟಿನಿಂದ ಬರುವ ವರವೇ, ಕಲಿಯಬಹುದಾದ ವಿದ್ಯೆಯೇ? ಸ್ವಲ್ಪ ಭೌತಶಾಸ್ತ್ರ ಬಳಸಿ ನೋಡೋಣ.

ಪರವಲಯದ ಲೆಕ್ಕ

ಮೇಲಕ್ಕೆ ಎಸೆದ ವಸ್ತು ಪರವಲಯದ ಪಥದಲ್ಲಿ ಸಾಗುತ್ತದೆ ಎಂದು ನೀವು ಪಿಯುಸಿ ತರಗತಿಯಲ್ಲಿ ಓದಿದ್ದೀರಿ. ಉದಾಹರಣೆಗೆ, ಬ್ಯಾಟಿನಿಂದ ಹೊರಟ ಚೆಂಡಿಗೆ ನೇರ ಮೇಲ್ಮುಖವಾಗಿ ಸೆಕೆಂಡಿಗೆ 20 ಮೀಟರ್, ನೆಲಕ್ಕೆ ಸಮಾಂತರವಾಗಿ ಸೆಕೆಂಡಿಗೆ 15 ಮೀಟರ್ ವೇಗವಿರಲಿ. ಗುರುತ್ವ ವೇಗೋತ್ಕರ್ಷವನ್ನು 10 ಎಂದು ಇಟ್ಟುಕೊಂಡು ಗಾಳಿಯ ತಡೆಯನ್ನು ಮರೆತರೆ ಚೆಂಡು 20 ಮೀಟರ್ ಎತ್ತರಕ್ಕೆ ಏರಿ, 4 ಸೆಕೆಂಡುಗಳ ನಂತರ 60 ಮೀಟರ್ ದೂರದಲ್ಲಿ ಬೀಳುತ್ತದೆ.

ಹುಡುಗ ಈ ಲೆಕ್ಕವನ್ನು ಮನಸ್ಸಿನಲ್ಲೇ ಮಾಡುತ್ತಾನೆಯೇ? ಸಾಧ್ಯವಿಲ್ಲ. ಚೆಂಡಿನ ಆರಂಭಿಕ ವೇಗವಾಗಲಿ ಹೊರಟ ಕೋನವಾಗಲಿ ಅವನಿಗೆ ತಿಳಿದಿರುವುದಿಲ್ಲ. ಅಷ್ಟು ದೂರದಲ್ಲಿರುವ ಚೆಂಡಿನ ಅಂತರವನ್ನು ಎರಡು ಕಣ್ಣುಗಳ ನೋಟದಿಂದ ನಿಖರವಾಗಿ ಅಳೆಯಲೂ ಆಗುವುದಿಲ್ಲ. ಮೇಲಾಗಿ ಗಾಳಿಯ ತಡೆ ಸಣ್ಣದಲ್ಲ. ಸೆಕೆಂಡಿಗೆ 25 ಮೀಟರ್ ವೇಗದ ಕ್ರಿಕೆಟ್ ಚೆಂಡಿನ ಮೇಲೆ ಅದು ಚೆಂಡಿನ ತೂಕದ ಮೂರನೇ ಒಂದು ಭಾಗವನ್ನೂ ಮೀರಬಹುದು. ಪರವಲಯ ಪುಸ್ತಕದಲ್ಲಿ ಇರುವಷ್ಟು ಅಚ್ಚುಕಟ್ಟಾಗಿ ಮೈದಾನದಲ್ಲಿ ಇರುವುದಿಲ್ಲ.

ಕಣ್ಣಿಗೆ ಕಾಣುವುದು ಏನು?

1968ರಲ್ಲಿ ಅಮೆರಿಕದ ಭೌತವಿಜ್ಞಾನಿ ಸೆವಿಲ್ ಚಾಪ್‌ಮನ್ ಬೇಸ್‌ಬಾಲ್ ಆಟವನ್ನು ಕುರಿತು ಈ ಪ್ರಶ್ನೆಯನ್ನೇ ತಿರುಗಿಸಿ ಕೇಳಿದರು. ಚೆಂಡು ಎಲ್ಲಿ ಬೀಳುತ್ತದೆ ಎನ್ನುವುದನ್ನು ಬಿಟ್ಟು, ಸರಿಯಾದ ಜಾಗದಲ್ಲಿ ನಿಂತವನ ಕಣ್ಣಿಗೆ ಚೆಂಡು ಹೇಗೆ ಕಾಣುತ್ತದೆ ಎಂದು ಲೆಕ್ಕಹಾಕಿದರು.

ನಿಮ್ಮ ಕಣ್ಣಿನ ಮುಂದೆ ನೆಟ್ಟಗೆ ನಿಂತ ಒಂದು ಗಾಜಿನ ಹಾಳೆ ಇದೆ, ಅದರ ಮೂಲಕ ಚೆಂಡನ್ನು ನೋಡುತ್ತಿದ್ದೀರಿ ಎಂದು ಕಲ್ಪಿಸಿಕೊಳ್ಳಿ. ಗಾಜಿನ ಮೇಲೆ ಚೆಂಡು ಕಾಣುವ ಎತ್ತರ ಒಂದು ಅನುಪಾತವನ್ನು ಅವಲಂಬಿಸಿದೆ. ಅದೇನೆಂದರೆ, ಚೆಂಡಿನ ಎತ್ತರವನ್ನು ಚೆಂಡಿಗೂ ನಿಮಗೂ ನಡುವೆ ನೆಲದ ಮೇಲಿರುವ ದೂರದಿಂದ ಭಾಗಿಸಿದಾಗ ಬರುವ ಸಂಖ್ಯೆ. ಗಣಿತದ ಭಾಷೆಯಲ್ಲಿ ಇದು ಉನ್ನತ ಕೋನದ ಟ್ಯಾನ್. ಈಗ ಬ್ಯಾಟ್ಸ್‌ಮನ್‌ನಿಂದ 60, 75 ಮತ್ತು 50 ಮೀಟರ್ ದೂರದಲ್ಲಿ ‘ಕ’, ‘ಖ’, ‘ಗ’ ಎಂಬ ಮೂವರನ್ನು ಅಲುಗಾಡದಂತೆ ನಿಲ್ಲಿಸೋಣ. ಮೇಲಿನ ಉದಾಹರಣೆಯ ಚೆಂಡು ಹೊರಟ 1, 2 ಮತ್ತು 3 ಸೆಕೆಂಡುಗಳ ನಂತರ ಈ ಅನುಪಾತ ಹೀಗಿರುತ್ತದೆ:

‘ಕ’ (ಸರಿಯಾದ ಜಾಗ): 0.33, 0.67, 1.00
‘ಖ’ (ಹಿಂದೆ ನಿಂತವನು): 0.25, 0.44, 0.50
‘ಗ’ (ಮುಂದೆ ನಿಂತವನು): 0.43, 1.00, 3.00

‘ಕ’ನ ಸಾಲನ್ನು ಗಮನಿಸಿ. ಪ್ರತಿ ಸೆಕೆಂಡಿಗೂ ಅನುಪಾತ ಒಂದೇ ಪ್ರಮಾಣದಲ್ಲಿ ಬೆಳೆಯುತ್ತಿದೆ. ಅವನ ಗಾಜಿನ ಮೇಲೆ ಚೆಂಡು ಸಮವೇಗದಲ್ಲಿ ಲಿಫ್ಟಿನಂತೆ ಏರುತ್ತದೆ. ಎರಡನೇ ಸೆಕೆಂಡಿನ ನಂತರ ಚೆಂಡು ನಿಜವಾಗಿ ಇಳಿಯುತ್ತಿದ್ದರೂ ಅವನ ಕಣ್ಣಿಗೆ ಅದು ಏರುತ್ತಲೇ ಇರುತ್ತದೆ! ‘ಖ’ನಿಗೆ ಈ ಏರಿಕೆ ನಿಧಾನವಾಗುತ್ತಾ ಹೋಗಿ ಕೊನೆಗೆ ಚೆಂಡು ಮುಂದೆ ಬೀಳುತ್ತದೆ. ‘ಗ’ನಿಗೆ ಏರಿಕೆ ಚುರುಕಾಗುತ್ತಾ ಹೋಗಿ ಚೆಂಡು ತಲೆಯ ಮೇಲಿಂದ ಹಾರಿಹೋಗುತ್ತದೆ.

ತಣಿಸಂದ್ರದಂಥ ಕಡೆ ಈ ಗಾಜಿನ ಬದಲು ಬ್ಯಾಟ್ಸ್‌ಮನ್ನನ ಹಿಂದಿರುವ ಅಪಾರ್ಟ್‌ಮೆಂಟ್ ಕಟ್ಟಡವನ್ನೇ ಬಳಸಬಹುದು. ಕಟ್ಟಡ ‘ಕ’ನಿಂದ 120 ಮೀಟರ್ ದೂರದಲ್ಲಿದ್ದು ಪ್ರತಿ ಮಹಡಿ 3 ಮೀಟರ್ ಇದ್ದರೆ, ಚೆಂಡು ಮೊದಲ ಸೆಕೆಂಡಿನಲ್ಲಿ ಸುಮಾರು 13 ಮಹಡಿಗಳನ್ನು ಸಮಗತಿಯಲ್ಲಿ ದಾಟಿದಂತೆ ಕಾಣುತ್ತದೆ. ಆಮೇಲೆ ಬರೀ ಆಕಾಶ. ಬಿಳಿ ಮೋಡದ ಹಿನ್ನೆಲೆಯಲ್ಲಿ ಕ್ಯಾಚ್ ಏಕೆ ಕಷ್ಟ ಎಂಬುದಕ್ಕೆ ಇದೂ ಒಂದು ಸುಳಿವು.

ಓಟವೇ ಲೆಕ್ಕ

ಈಗ ‘ಖ’ ಮತ್ತು ‘ಗ’ ಇಬ್ಬರಿಗೂ ಓಡಲು ಬಿಡೋಣ. ‘ಖ’ ಸೆಕೆಂಡಿಗೆ 3.75 ಮೀಟರ್ ವೇಗದಲ್ಲಿ ಮುಂದಕ್ಕೆ ಓಡಿದರೆ ಅವನ ಅನುಪಾತ 0.27, 0.53, 0.80 ಎಂದು ಸಮವಾಗಿ ಏರುತ್ತದೆ. ‘ಗ’ ಸೆಕೆಂಡಿಗೆ 2.5 ಮೀಟರ್ ವೇಗದಲ್ಲಿ ಹಿಂದಕ್ಕೆ ಸರಿದರೆ 0.40, 0.80, 1.20. ಇಬ್ಬರೂ ಸರಿಯಾಗಿ 4ನೇ ಸೆಕೆಂಡಿಗೆ 60 ಮೀಟರಿನ ಗೆರೆಯಲ್ಲಿರುತ್ತಾರೆ. ಅಂದರೆ ಫೀಲ್ಡರ್ ಮಾಡಬೇಕಾದದ್ದು ಇಷ್ಟೇ. ಚೆಂಡಿನ ಏರಿಕೆ ನಿಧಾನವಾಗುತ್ತಿದೆ ಎನಿಸಿದರೆ ಮುಂದಕ್ಕೆ, ಚುರುಕಾಗುತ್ತಿದೆ ಎನಿಸಿದರೆ ಹಿಂದಕ್ಕೆ ಓಡಿ ಅದನ್ನು ಸಮವಾಗಿ ಇಟ್ಟುಕೊಳ್ಳಬೇಕು. ಹಾಗೆ ಇಟ್ಟುಕೊಂಡರೆ ಚೆಂಡೂ ಅವನೂ ಒಂದೇ ಹೊತ್ತಿಗೆ ಒಂದೇ ಜಾಗಕ್ಕೆ ಬರುತ್ತಾರೆ. ಗಾಳಿ ಚೆಂಡನ್ನು ತಡೆದರೂ ತಳ್ಳಿದರೂ ಚಿಂತೆಯಿಲ್ಲ. ಕಣ್ಣು ಅದನ್ನು ಗಮನಿಸಿ ಕಾಲಿಗೆ ಹೇಳುತ್ತಲೇ ಇರುತ್ತದೆ.

ನಿಜವಾದ ಆಟಗಾರರು ಹೀಗೆಯೇ ಮಾಡುತ್ತಾರೆಯೇ? 1993ರಲ್ಲಿ ಪೀಟರ್ ಮೆಕ್ಲಿಯಾಡ್ ಮತ್ತು ಜೋಲ್ಟನ್ ಡೀನೆಸ್ ಓಡುತ್ತಿರುವ ಫೀಲ್ಡರ್‌ಗಳ ಚಿತ್ರೀಕರಣ ಮಾಡಿ ಅಳೆದು ನೋಡಿದರು. ಫೀಲ್ಡರ್‌ಗಳ ಓಟ ಈ ಅನುಪಾತದ ಏರಿಕೆಯನ್ನು ಸಮವಾಗಿ ಉಳಿಸುವಂತೆಯೇ ಇತ್ತು. ಚೆಂಡು ಬೀಳುವ ಜಾಗಕ್ಕೆ ಮೊದಲೇ ಹೋಗಿ ಕಾಯುವ ಬದಲು ಅವರು ಚೆಂಡಿನ ಜೊತೆಗೇ ಅಲ್ಲಿಗೆ ತಲುಪುತ್ತಿದ್ದರು. ಪಕ್ಕಕ್ಕೆ ಹಾರುವ ಚೆಂಡುಗಳಿಗೆ ಮೈಕೆಲ್ ಮೆಕ್‌ಬೀತ್ ಮತ್ತು ಸಂಗಡಿಗರು 1995ರಲ್ಲಿ ಇನ್ನೊಂದು ವಿವರಣೆ ಕೊಟ್ಟರು. ಚೆಂಡು ಹಿನ್ನೆಲೆಯ ಮೇಲೆ ಸರಳರೇಖೆಯಲ್ಲಿ ಸಾಗುವಂತೆ ಕಾಣಲೆಂದು ಆಟಗಾರ ಓಡುತ್ತಾನೆ ಎಂಬುದು ಅವರ ವಾದ. ಯಾವುದು ಹೆಚ್ಚು ಸರಿ ಎಂಬ ಚರ್ಚೆ ನಡೆದಿದೆಯಾದರೂ ಒಂದು ವಿಷಯದಲ್ಲಿ ಎರಡೂ ಒಂದೇ. ಫೀಲ್ಡರ್‌ಗೆ ಚೆಂಡು ಬೀಳುವ ಜಾಗ ಮೊದಲೇ ತಿಳಿದಿರಬೇಕಾಗಿಲ್ಲ. ಗಾಳಿಯಲ್ಲಿ ಎಸೆದ ತಟ್ಟೆಯನ್ನು ಬಾಯಲ್ಲಿ ಹಿಡಿಯುವ ನಾಯಿಗಳೂ ಇಂಥದೇ ಉಪಾಯ ಬಳಸುತ್ತವೆಂದು 2004ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು.

ಬೆನ್ನು ತಿರುಗಿಸಿ ಓಡಿದಾಗ

1983ರ ಜೂನ್ 25ರಂದು ಲಾರ್ಡ್ಸ್ ಮೈದಾನದಲ್ಲಿ ವಿಶ್ವಕಪ್ ಫೈನಲ್. 183 ರನ್ ಮಾಡಿದ್ದ ಭಾರತದ ಎದುರು ವಿವಿಯನ್ ರಿಚರ್ಡ್ಸ್ 33 ರನ್ ಗಳಿಸಿ ಆಡುತ್ತಿದ್ದರು. ಮದನ್‌ಲಾಲ್ ಎಸೆತವನ್ನು ಅವರು ಎತ್ತಿ ಹೊಡೆದಾಗ ಕಪಿಲ್ ದೇವ್ ಹಿಂದಕ್ಕೆ ಓಡಿ ಹಿಡಿದ ಕ್ಯಾಚ್ ಪಂದ್ಯದ ದಿಕ್ಕನ್ನೇ ಬದಲಿಸಿತು. ನಮ್ಮ ಕರ್ನಾಟಕದ ರೋಜರ್ ಬಿನ್ನಿ ಮತ್ತು ಸೈಯದ್ ಕಿರ್ಮಾನಿ ಇದ್ದ ತಂಡ ಅದು. ಮೇಲಿನ ‘ಗ’ನ ಸ್ಥಿತಿ ಕಪಿಲ್ ಅವರದು.

ಅಮೆರಿಕದ ಫುಟ್‌ಬಾಲ್ ಆಟದಲ್ಲಿ ಇಂಥ ಓಟವನ್ನೇ ಕಸುಬಾಗಿಸಿಕೊಂಡ ಆಟಗಾರನೊಬ್ಬನಿದ್ದಾನೆ. ಅವನಿಗೆ ರಿಸೀವರ್ ಎಂದು ಹೆಸರು. ಸುಮಾರು 400 ಗ್ರಾಮಿನ ಮೊಟ್ಟೆಯಾಕಾರದ ಚೆಂಡು ಬುಗುರಿಯಂತೆ ತಿರುಗುತ್ತಾ ಬರುತ್ತದೆ. ರಿಸೀವರ್ ಬೆನ್ನು ತಿರುಗಿಸಿ ಓಡುತ್ತಾ ಹೆಗಲ ಮೇಲಿಂದ ಅದನ್ನು ನೋಡಿ ಹಿಡಿಯುತ್ತಾನೆ. ಅಲ್ಲಿನ ಕಾಲೇಜು ತಂಡಗಳ ಆಗಸ್ಟ್ ತಿಂಗಳ ಅಭ್ಯಾಸದಲ್ಲಿ ಹೊಸ ಹುಡುಗನೊಬ್ಬ ಹಿರಿಯರ ಮೆಚ್ಚುಗೆ ಗಳಿಸುವುದು ಇದರಿಂದಲೇ. ಹೀಗೆ ಕಣ್ಣು ಕ್ಷಣಕಾಲ ಚೆಂಡನ್ನು ಬಿಟ್ಟಾಗ ಹಿಂದಿನ ಅನುಭವದಿಂದ ಬಂದ ಅಂದಾಜು ನೆರವಿಗೆ ಬರುತ್ತದೆ, ಮತ್ತೆ ನೋಡಿದಾಗ ತಪ್ಪು ತಿದ್ದಿಕೊಳ್ಳುತ್ತದೆ.

ಸ್ಲಿಪ್‌ನಲ್ಲಿ ನಿಂತವನಿಗೆ ಮಾತ್ರ ಈ ಸೌಕರ್ಯವಿಲ್ಲ. ಸೆಕೆಂಡಿಗೆ 30 ಮೀಟರ್ ವೇಗದಲ್ಲಿ ಬರುವ ಚೆಂಡು 15 ಮೀಟರ್ ದೂರವನ್ನು ಅರ್ಧ ಸೆಕೆಂಡಿನಲ್ಲಿ ದಾಟುತ್ತದೆ. ಕಂಡದ್ದಕ್ಕೆ ದೇಹ ಸ್ಪಂದಿಸಲು ಅದರಲ್ಲಿ ಸುಮಾರು 0.2 ಸೆಕೆಂಡು ಕಳೆದುಹೋಗುತ್ತದೆ. ಅಂಥ ಜಾಗದಲ್ಲಿ ಹೆಚ್ಚಾಗಿ ನಿಂತೇ ರಾಹುಲ್ ದ್ರಾವಿಡ್ ಟೆಸ್ಟ್ ಪಂದ್ಯಗಳಲ್ಲಿ 210 ಕ್ಯಾಚ್ ಹಿಡಿದರು. ಆ ದಾಖಲೆಯನ್ನು ಜೋ ರೂಟ್ 2025ರ ಜುಲೈನಲ್ಲಿ ಲಾರ್ಡ್ಸ್‌ನಲ್ಲಿ ಮೀರಿದಾಗ ಔಟಾದವರು ಕರ್ನಾಟಕದವರೇ ಆದ ಕರುಣ್ ನಾಯರ್.

ಕೈಗೆ ಬಂದದ್ದು ಉಳಿಯಬೇಕಾದರೆ

ಕ್ರಿಕೆಟ್ ಚೆಂಡಿನ ರಾಶಿ ಸುಮಾರು 160 ಗ್ರಾಂ. ಅದು ಸೆಕೆಂಡಿಗೆ 25 ಮೀಟರ್ ವೇಗದಲ್ಲಿ ಬಂದರೆ ಅದರ ಚಲನಶಕ್ತಿ 50 ಜೌಲ್. ಈ ಶಕ್ತಿಯನ್ನು ಕೈ ಹೀರಿಕೊಳ್ಳಬೇಕು. ಕೈಯನ್ನು ಬಿಗಿಯಾಗಿ ಹಿಡಿದು 5 ಸೆಂಟಿಮೀಟರಿನಲ್ಲಿ ಚೆಂಡನ್ನು ನಿಲ್ಲಿಸಿದರೆ ಸರಾಸರಿ ಬಲ 1000 ನ್ಯೂಟನ್, ಅಂದರೆ ಸುಮಾರು ಒಂದು ಕ್ವಿಂಟಾಲ್ ಭಾರ. ಕೈಯನ್ನು ಚೆಂಡಿನ ಜೊತೆ 25 ಸೆಂಟಿಮೀಟರ್ ಹಿಂದಕ್ಕೆ ಎಳೆದುಕೊಂಡರೆ 200 ನ್ಯೂಟನ್ ಮಾತ್ರ. ಬೆರಳು ಮುರಿಯುವುದಕ್ಕೂ ಮುರಿಯದಿರುವುದಕ್ಕೂ ಇರುವ ವ್ಯತ್ಯಾಸ ಈ 20 ಸೆಂಟಿಮೀಟರ್ ಇರಬಹುದು.

ಚೆಂಡು ನಿಲ್ಲಲು ಬೇಕಾಗುವ ಕಾಲವೂ 0.004 ಸೆಕೆಂಡಿನಿಂದ 0.02 ಸೆಕೆಂಡಿಗೆ ಹೆಚ್ಚುತ್ತದೆ. ಆದರೆ ಇದೂ ಪ್ರತಿಕ್ರಿಯೆಯ ಕಾಲಕ್ಕಿಂತ ಬಹಳ ಕಡಿಮೆ. ಆದ್ದರಿಂದ ಚೆಂಡು ತಾಗಿದ ಮೇಲೆ ಬೆರಳು ಮುಚ್ಚುತ್ತೇನೆ ಎಂದರೆ ತಡವಾಗಿರುತ್ತದೆ. ತಾಗುವ ಮುನ್ನವೇ ಬೆರಳು ಮುಚ್ಚತೊಡಗಿರಬೇಕು. ಇದು ಅಭ್ಯಾಸದಿಂದ ಮಾತ್ರ ಬರುತ್ತದೆ.

‘ನಂದು!’ ಎಂದು ಕೂಗುವುದು ಏಕೆ?

ಓಡುತ್ತಿರುವ ಫೀಲ್ಡರ್‌ಗೆ ತಾನು ತಲುಪುವ ಜಾಗ ಮೊದಲೇ ತಿಳಿದಿರುವುದಿಲ್ಲ ಎಂದೆವು. ಇದರಲ್ಲಿ ಒಂದು ಅಪಾಯವಿದೆ. ಒಂದೇ ಚೆಂಡಿನ ಹಿಂದೆ ಇಬ್ಬರು ಓಡಿದರೆ ಇಬ್ಬರ ಕಣ್ಣೂ ಮೇಲೆ ನೆಟ್ಟಿರುತ್ತದೆ, ಇಬ್ಬರೂ ಒಂದೇ ಕ್ಷಣದಲ್ಲಿ ಒಂದೇ ಬಿಂದುವಿಗೆ ಬರುತ್ತಾರೆ. 1999ರ ಸೆಪ್ಟೆಂಬರಿನಲ್ಲಿ ಶ್ರೀಲಂಕಾದ ಕ್ಯಾಂಡಿಯಲ್ಲಿ ಹೀಗೆ ಡಿಕ್ಕಿ ಹೊಡೆದು ಸ್ಟೀವ್ ವಾ ಅವರ ಮೂಗೂ ಜೇಸನ್ ಗಿಲೆಸ್ಪಿ ಅವರ ಕಾಲೂ ಮುರಿದವು. ಕಣ್ಣು ಚೆಂಡಿನ ಮೇಲಿರುವಾಗ ಎಚ್ಚರಿಕೆ ಕೊಡಲು ಉಳಿಯುವುದು ಕಿವಿ ಮಾತ್ರ. ಆದ್ದರಿಂದ ‘ನಂದು!’ ಎಂಬ ಕೂಗನ್ನೂ ಚಿಕ್ಕ ಮೈದಾನದಲ್ಲೇ ಅಭ್ಯಾಸ ಮಾಡಿಸಬೇಕು.

ನೀವೇ ಮಾಡಿ ನೋಡಿ

1. ಟೆನಿಸ್ ಚೆಂಡನ್ನು ಗೆಳೆಯನಿಗೆ ಎತ್ತರಕ್ಕೆ ಹೊಡೆಯಲು ಹೇಳಿ. ಮೊದಲು ಅಲುಗಾಡದೆ ನಿಂತು, ಒಂದು ಸೆಕೆಂಡಿನ ನಂತರ ಕಣ್ಣು ಮುಚ್ಚಿ, ಅದನ್ನು ಹಿಡಿಯಬಹುದಿತ್ತೇ ಇಲ್ಲವೇ ಹೇಳಿ. ಬಳಿಕ ಒಂದು ಸೆಕೆಂಡು ಓಡಿ, ನಿಂತು, ಕಣ್ಣು ಮುಚ್ಚಿ ಹೇಳಿ. ನೆದರ್ಲೆಂಡ್ಸ್‌ನ ಸಂಶೋಧಕರು 1996ರಲ್ಲಿ ಇಂಥ ಪ್ರಯೋಗ ನಡೆಸಿ, ಓಡಿದವರ ತೀರ್ಮಾನವೇ ಹೆಚ್ಚು ಸರಿ ಎಂದು ಕಂಡುಕೊಂಡರು.

2. ನೀರು ತುಂಬಿದ ಬಲೂನನ್ನು ಹಿಡಿಯಿರಿ. ಕೈ ಬಿಗಿಯಾಗಿದ್ದರೆ ಬಲೂನ್ ನಿಮಗೆ ಪಾಠ ಹೇಳುತ್ತದೆ.

ಈಗ ಮೂಲೆಗೆ ಕಳುಹಿಸಿದ ಆ ಇನ್ನೊಬ್ಬ ಹುಡುಗನ ವಿಷಯ. ‘ಚೆಂಡು ಎಲ್ಲಿ ಬೀಳುತ್ತದೋ ನೋಡು, ಅಲ್ಲಿಗೆ ಓಡು’ ಎಂದು ಅವನಿಗೆ ಹೇಳಿಕೊಟ್ಟಿದ್ದರೆ ಅದು ಯಾರಿಂದಲೂ ಆಗದ ಕೆಲಸ. ‘ಓಡುತ್ತಲೇ ನೋಡು, ಚೆಂಡು ಸಮವಾಗಿ ಏರುತ್ತಿರಲಿ’ ಎಂದು ಹೇಳಿ, ದಿನಕ್ಕೆ ಇಪ್ಪತ್ತು ಚೆಂಡು ಎತ್ತಿ ಹೊಡೆಯಿರಿ. ಮೊದಲು ಟೆನಿಸ್ ಚೆಂಡು, ಆಮೇಲೆ ಗಟ್ಟಿ ಚೆಂಡು. ನಿಂತಲ್ಲೇ ನಿಲ್ಲಿಸಿ ಹಿಡಿಸುವ ಕ್ಯಾಚುಗಳು ಕೈಗೆ ತರಬೇತಿ, ಕಾಲಿಗಲ್ಲ. ಕಾಲಿನ ತರಬೇತಿಗೆ ನಾಲ್ಕು ದಿಕ್ಕಿಗೂ ಹತ್ತಿಪ್ಪತ್ತು ಹೆಜ್ಜೆ ಓಡುವಷ್ಟು ಬಯಲು ಬೇಕು. ತಣಿಸಂದ್ರದಂಥ ಬಡಾವಣೆಗಳಲ್ಲಿ ಆಟದ ಮೈದಾನ ಕೇಳುವವರು ತಮ್ಮ ಅರ್ಜಿಯಲ್ಲಿ ಈ ಕಾರಣವನ್ನೂ ಸೇರಿಸಬಹುದು.