ಚಿನ್ನದ ಗಣಿಯೂರಿನಲ್ಲಿ ಗಾಯನವೃಂದದ ಒಂದು ದಿನ

ಒಂದೇ ಹಾಡನ್ನು ನಾಲ್ಕು ಬಗೆಯ ಕಂಠಗಳು ಏಕಕಾಲದಲ್ಲಿ ನಾಲ್ಕು ಬೇರೆ ಸ್ವರಮಾರ್ಗಗಳಲ್ಲಿ ಹಾಡುವ ಪಾಶ್ಚಾತ್ಯ ಪದ್ಧತಿಯ ಗಾಯನವೃಂದವನ್ನು ಚರ್ಚುಗಳ ಬಳಕೆಯಲ್ಲಿ ಕ್ವಾಯರ್ ಎನ್ನುತ್ತಾರೆ. ಇದರಲ್ಲಿ ಹೆಣ್ಣುಮಕ್ಕಳ ಎತ್ತರದ ದನಿ ಸೊಪ್ರಾನೊ, ತಗ್ಗಿನ ದನಿ ಆಲ್ಟೊ. ಗಂಡಸರ ಎತ್ತರದ ದನಿ ಟೆನರ್, ತಗ್ಗಿನದು ಬಾಸ್. 1880ರಲ್ಲಿ ಜಾನ್ ಟೇಲರ್ ಕಂಪನಿ ಕೋಲಾರದ ಚಿನ್ನದ ಗಣಿಗಳಿಗೆ ಕಾಲಿಟ್ಟ ಮೇಲೆ ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದ ಗಣಿಗಾರರೂ ತಮಿಳು, ತೆಲುಗು ಸೀಮೆಗಳ ಕೂಲಿಕಾರರೂ ಒಂದೆಡೆ ನೆಲೆಸಿದ್ದರಿಂದ, ಹಲವು ಭಾಷೆಗಳ ಪ್ರಾರ್ಥನಾಗೀತೆಗಳು ಈ ಗಣಿಗಳ ಊರಾದ ಕೆಜಿಎಫ್‌ನ ಚರ್ಚುಗಳಲ್ಲಿ ಬೇರೂರಿದವು. ಪ್ರವಾಸ ಹೊರಟ ಯುವ ಗಾಯನವೃಂದವೊಂದಕ್ಕೆ ಇದಕ್ಕಿಂತ ಒಳ್ಳೆಯ ತಂಗುದಾಣ ಸಿಗುವುದು ಕಷ್ಟ.

ಹೊಸ ಊರಿನಲ್ಲಿ ತಾಲೀಮಿನ ಮೊದಲ ಕೆಲಸ ಕಟ್ಟಡದ ದನಿಗುಣವನ್ನು ಅರಿಯುವುದು. ಎತ್ತರದ ಚಾವಣಿಯ ಚರ್ಚಿನಲ್ಲಿ ಹಾಡಿದ ಸ್ವರ ಗೋಡೆಗಳಿಗೆ ತಾಗಿ ಮರಳಿ ಕೆಲಹೊತ್ತು ಉಳಿಯುವುದರಿಂದ, ಅಂದರೆ ಅನುರಣನ ಹೆಚ್ಚಾಗಿರುವುದರಿಂದ, ಹಾಡಿನ ಗತಿಯನ್ನು ತುಸು ತಗ್ಗಿಸಿ ವ್ಯಂಜನಗಳನ್ನು ಸ್ಪಷ್ಟವಾಗಿ ಉಚ್ಚರಿಸಬೇಕಾಗುತ್ತದೆ. ಇಲ್ಲವಾದರೆ ಸಾಹಿತ್ಯವೇ ಮಸುಕಾಗುತ್ತದೆ. ಕೆಜಿಎಫ್‌ನಲ್ಲಿ ತಾಲೀಮನ್ನು ಬೆಳಿಗ್ಗೆಯೇ ಮುಗಿಸುವುದಕ್ಕೆ ಒಂದು ಕಾರಣ ಉಂಟು: ಚಿನ್ನವನ್ನು ಬೇರ್ಪಡಿಸಿದ ಮೇಲೆ ಉಳಿದ ನುಣುಪು ಪುಡಿ ಊರಿನ ಸುತ್ತ ಸೈನೈಡ್ ದಿಬ್ಬಗಳಾಗಿ ನಿಂತಿದ್ದು, ಒಣಗಾಳಿ ಬೀಸಿದಾಗ ಏಳುವ ಅದರ ದೂಳು ಹಾಡುವವರ ಗಂಟಲಿಗೆ ಮಾತ್ರವಲ್ಲ, ಅಲ್ಲೇ ಬಾಳುವವರ ಎದೆಗೂ ಒಳ್ಳೆಯದಲ್ಲ.

ಊರು ನೋಡುವುದಕ್ಕೆ ಬಂಗಾರಪೇಟೆಯಿಂದ ಮಾರಿಕುಪ್ಪಕ್ಕೆ ಹೋಗುವ ರೈಲೇ ಸರಿಯಾದ ಸಾಧನ. ಹಿಂದೆ ಬೌರಿಂಗ್‌ಪೇಟೆಯೆಂದು ಕರೆಸಿಕೊಳ್ಳುತ್ತಿದ್ದ ಜಂಕ್ಷನ್ನಿನಿಂದ 1894ರಲ್ಲಿ ಆರಂಭವಾದ ಈ ಕವಲುಮಾರ್ಗವು ಕೋರಮಂಡಲ್, ಊರಿಗಾಂ, ಚಾಂಪಿಯನ್ ನಿಲ್ದಾಣಗಳನ್ನು ಹಾದು ಗಣಿಗಳ ನಡುವೆಯೇ ಸಾಗುತ್ತದೆ. 1902ರಲ್ಲಿ ಶಿವನಸಮುದ್ರದಿಂದ ಇಲ್ಲಿಗೆ ವಿದ್ಯುತ್ತು ಬಂದದ್ದನ್ನು ಶಾಲೆಯಲ್ಲಿ ಎಲ್ಲರೂ ಓದಿರುತ್ತಾರೆ; ಆದರೆ ಸಂಗೀತ ಕಲಿಯುವವರು ಗಮನಿಸಬೇಕಾದದ್ದು ಇಲ್ಲಿನ ಆಲಿಸುವಿಕೆಯನ್ನು. ಕಾರ್ಮಿಕರನ್ನು ಗಣಿಯೊಳಕ್ಕೆ ಇಳಿಸುತ್ತಿದ್ದ ಕೇಜ್ ಎಂಬ ಲಿಫ್ಟು ಏರಬೇಕೋ ಇಳಿಯಬೇಕೋ ನಿಲ್ಲಬೇಕೋ ಎಂಬುದು ಗಂಟೆಯ ಬಡಿತಗಳ ಎಣಿಕೆಯಿಂದ ತಿಳಿಯುತ್ತಿದ್ದು, ಒಂದು ಬಡಿತ ತಪ್ಪಿ ಕೇಳಿದರೂ ಜೀವಕ್ಕೆ ಅಪಾಯವಿತ್ತು. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದ ಚಾಂಪಿಯನ್ ರೀಫ್ ಗಣಿಯಲ್ಲಿ 1965ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು, ಜಪಾನ್ ಮತ್ತು ಇಂಗ್ಲೆಂಡಿನ ಸಹೋದ್ಯೋಗಿಗಳೊಡನೆ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ, ಎಂದರೆ ಭೂಮಿಯನ್ನೇ ತೂರಿಹೋಗಬಲ್ಲ ಅತಿಸೂಕ್ಷ್ಮ ಕಣಗಳ, ಸುಳಿವನ್ನು ಹಿಡಿದದ್ದು ಕೂಡ ಮೇಲಿನ ಬಂಡೆ ಉಳಿದ ಕಣಗಳ ಗದ್ದಲವನ್ನು ತಡೆದುದರಿಂದಲೇ.

ಸಮೀಪದ ಕಮ್ಮಸಂದ್ರದ ಕೋಟಿಲಿಂಗೇಶ್ವರ ದೇವಾಲಯವನ್ನು ನೋಡಿ ಬರಲು ಸಂಜೆ ಸಾಕು. ಬಂಗಾರಪೇಟೆಯ ತಿಳಿನೀರಿನ ಪಾನಿಪುರಿಯನ್ನು ಮಾತ್ರ ಕಾರ್ಯಕ್ರಮ ಮುಗಿದ ಮೇಲೆ ತಿನ್ನುವುದು ಕಂಠಕ್ಕೆ ಕ್ಷೇಮ. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದ ಮೇಲೂ ಕಾರ್ಮಿಕರ ಕುಟುಂಬಗಳು ಇಲ್ಲಿಯೇ ಉಳಿದಿವೆ. ಇಲ್ಲಿಗೆ ಬರುವ ಗಾಯನವೃಂದಗಳು ಗಣಿಯ ಉಕ್ಕಿನ ಗೋಪುರಗಳ ಚಿತ್ರ ತೆಗೆದುಕೊಂಡು ಹಿಂದಿರುಗದೆ, ಆ ಮನೆಗಳ ಮಕ್ಕಳನ್ನು ಜೊತೆಗೆ ನಿಲ್ಲಿಸಿಕೊಂಡು ಒಂದು ಹಾಡನ್ನಾದರೂ ಹಾಡಿ ಹೋಗಬೇಕು.