ಬಿಸಿಲಿನ ಬೆಳೆ ಮತ್ತು ಅದರ ಫಲ

ಮನೆಯಲ್ಲಿ ಕರಾವು ಧಾರಾಳವಾಗಿದ್ದರೂ ಜಾಣೆಯಾದ ಗೃಹಿಣಿಯು ಬೆಣ್ಣೆಯನ್ನು ಸಂತೆಗೆ ಕಳುಹಿಸಿ, ಮನೆಯವರಿಗೆ ಮಜ್ಜಿಗೆಯನ್ನು ಬಡಿಸುವಳು. ಕತಾರ್ ದೇಶವು ಇಂದು ಮಾಡುತ್ತಿರುವುದು ಹೆಚ್ಚುಕಡಿಮೆ ಇದೇ. ಆ ದೇಶದ ಕಡಲಿನ ತಳದಲ್ಲಿ ೧೯೭೧ರಲ್ಲಿ ಕಂಡುಬಂದ, ಇರಾನಿನೊಡನೆ ಹಂಚಿಕೊಂಡಿರುವ ನೈಸರ್ಗಿಕ ಅನಿಲದ ನಿಕ್ಷೇಪವು ಲೋಕದಲ್ಲಿಯೇ ಅತ್ಯಂತ ದೊಡ್ಡದು. ಅನಿಲವನ್ನು ತಣ್ಣಗೆ ಮಾಡಿ ದ್ರವರೂಪಕ್ಕೆ ತಂದು, ಹಡಗುಗಳಲ್ಲಿ ಪರದೇಶಗಳಿಗೆ ಮಾರಿ, ಆ ಪುಟ್ಟ ನಾಡು ಮಹದೈಶ್ವರ್ಯವನ್ನು ಪಡೆಯಿತು. ಅಂತಹ ನಾಡೂ ೨೦೨೨ರ ಅಕ್ಟೋಬರಿನಲ್ಲಿ ಅಲ್ ಖರ್ಸಾ ಎಂಬ ಮರಳುಗಾಡಿನಲ್ಲಿ ೮೦೦ ಮೆಗಾವಾಟ್ ಶಕ್ತಿಯ ಸೌರಸ್ಥಾವರವನ್ನು ತೆರೆಯಿತು. ೨೦೨೫ರಲ್ಲಿ ಇನ್ನೆರಡು ಕಡೆ ಒಟ್ಟು ೮೭೫ ಮೆಗಾವಾಟ್‌ಗಳನ್ನು ಕೂಡಿಸಿತು. ಮನೆಯಲ್ಲಿ ಉರಿಸದೆ ಉಳಿಸಿದ ಅನಿಲವು ಹೊರಗೆ ಮಾರಾಟಕ್ಕೆ ದೊರೆಯುವುದೆಂಬ ಲೆಕ್ಕವೂ ಇದರಲ್ಲಿ ಅಡಗಿದೆ.

ಇಲ್ಲಿ ವಾಚಕರು ಗಮನಿಸತಕ್ಕ ಇನ್ನೊಂದು ಸಂಗತಿಯುಂಟು. ಅಲ್ ಖರ್ಸಾದ ಬಿಸಿಲು ಕತಾರಿನದಾದರೂ, ಆ ಸ್ಥಾವರದಲ್ಲಿ ಸುಮಾರು ನೂರಕ್ಕೆ ನಲವತ್ತು ಪಾಲು ಫ್ರಾನ್ಸಿನ ಟೋಟಲ್ ಎನರ್ಜೀಸ್ ಹಾಗೂ ಜಪಾನಿನ ಮಾರುಬೇನಿ ಸಂಸ್ಥೆಗಳಿಗೆ ಸೇರಿತು. ಬಂಡವಾಳವನ್ನೂ ವಿದ್ಯೆಯನ್ನೂ ತಂದವರು ಪಾಲನ್ನು ಪಡೆದರು. ಬಿಸಿಲು ಯಾರ ಮೇಲೆ ಬಿದ್ದರೂ, ಅದರ ಲಾಭವು ಕೆಲಸವನ್ನು ಬಲ್ಲವರ ಕಡೆಗೆ ಹರಿಯುವುದು.

ಈ ಮಾತನ್ನು ನಮ್ಮ ಹೊಸಹಳ್ಳಿಯ ಸೀಮೆಯವರು ಮನಸ್ಸಿಟ್ಟು ಯೋಚಿಸಬೇಕಾಗಿದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ನೆಲದಲ್ಲಿ ಅನಿಲದ ನಿಧಿಯಿಲ್ಲ, ಮಳೆಯನ್ನು ನಂಬುವಂತಿಲ್ಲ. ಬಿಸಿಲಿಗೆ ಮಾತ್ರ ಬರವಿಲ್ಲ. ಇದೇ ಬಗೆಯ ಇನ್ನೊಂದು ಬರದ ಸೀಮೆಯಲ್ಲಿ ಬಿಸಿಲಿನ ವ್ಯಾಪಾರ ಹೇಗೆ ನಡೆಯಿತೆಂಬುದಕ್ಕೆ ನಿದರ್ಶನವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಚಳ್ಳಕೆರೆಯ ಆಚೆ ತುಮಕೂರು ಜಿಲ್ಲೆಯ ಪಾವಗಡವಿದೆ.

ಪಾವಗಡ ತಾಲ್ಲೂಕಿನ ತಿರುಮಣಿ, ವಳ್ಳೂರು ಮೊದಲಾದ ಐದು ಗ್ರಾಮಗಳಲ್ಲಿ ಸುಮಾರು ೧೩,೦೦೦ ಎಕರೆಗಳಲ್ಲಿ ಸೌರ ಉದ್ಯಾನವು ಹರಡಿಕೊಂಡಿದೆ. ೨೦೧೮ರ ಮಾರ್ಚಿಯಲ್ಲಿ ಉದ್ಘಾಟನೆಯಾದ ಇದು ೨೦೧೯ರ ಕೊನೆಗೆ ೨,೦೫೦ ಮೆಗಾವಾಟ್‌ಗಳ ಪೂರ್ಣಶಕ್ತಿಗೆ ಬಂದಿತು. ಇಲ್ಲಿ ರೈತರ ಭೂಮಿಯನ್ನು ಕ್ರಯಕ್ಕೆ ಕೊಳ್ಳದೆ ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ ೨೧,೦೦೦ ರೂಪಾಯಿ. ಎರಡು ವರ್ಷಗಳಿಗೊಮ್ಮೆ ನೂರಕ್ಕೆ ಐದರಂತೆ ಏರಿಕೆ. ಅವಧಿ ೨೮ ವರ್ಷ. ಬೀಜದ ಕಾಸೂ ಹುಟ್ಟದ ವರ್ಷಗಳನ್ನು ಕಂಡ ಒಕ್ಕಲಿಗನಿಗೆ ಈ ಹಣವು ಆಸರೆಯೇ ಸರಿ. ಸಾಲವನ್ನು ತೀರಿಸಿದವರೂ ಮನೆಯನ್ನು ಕಟ್ಟಿಸಿದವರೂ ಅಲ್ಲಿ ಇದ್ದಾರೆ.

ಆದರೆ ನಾಣ್ಯಕ್ಕೆ ಎರಡು ಮುಖಗಳು. ಭೂಮಿಯುಳ್ಳವನಿಗೆ ಗುತ್ತಿಗೆ ಬಂದಿತು. ಕಳೆ ಕಿತ್ತು, ಶೇಂಗಾ ಬಿಡಿಸಿ ಹೊಟ್ಟೆ ಹೊರೆಯುತ್ತಿದ್ದ ಭೂಹೀನ ಕೂಲಿಯವರಿಗೆ ಏನು ಬಂದಿತು? ಹೊಲವಿಲ್ಲದಾದಾಗ ಹೊಲದ ಕೂಲಿಯೂ ಇಲ್ಲವಾಯಿತು. ಕಾವಲು ಕಾಯುವುದು, ಹುಲ್ಲು ಕೊಯ್ಯುವುದು, ಫಲಕಗಳನ್ನು ತೊಳೆಯುವುದು ಇವೇ ಅವರ ಪಾಲಿಗೆ ದೊರೆತ ಕೆಲಸಗಳು. ಅವೂ ಎಲ್ಲರಿಗೆ ಸಾಲಲಿಲ್ಲ. ಗುತ್ತಿಗೆ ಪಡೆದವನೂ ಒಂದು ಲೆಕ್ಕವನ್ನು ಮರೆಯಬಾರದು. ಎರಡು ವರ್ಷಕ್ಕೆ ಐದೆಂದರೆ ವರ್ಷಕ್ಕೆ ಎರಡೂವರೆ. ಜೋಳ, ಎಣ್ಣೆ, ಮದುವೆಯ ಖರ್ಚುಗಳು ಅದಕ್ಕಿಂತ ಬೇಗನೆ ಏರಿದಲ್ಲಿ, ಗುತ್ತಿಗೆಯ ರೂಪಾಯಿ ವರ್ಷದಿಂದ ವರ್ಷಕ್ಕೆ ಸವೆಯುವುದು. ಇಪ್ಪತ್ತೆಂಟು ವರ್ಷವೆಂದರೆ ಒಂದು ತಲೆಮಾರು. ಇಂದು ತಂದೆ ಹಾಕುವ ರುಜುವಿಗೆ ಮಗನೂ ಕಟ್ಟುಬೀಳುವನು.

ಆದಕಾರಣ ಬಿಸಿಲಿನ ವ್ಯಾಪಾರವೆಂದರೆ ಭೂಮಿಯ ಗುತ್ತಿಗೆಯೊಂದೇ ಎಂದು ತಿಳಿಯಬಾರದು. ಕೈಕಸುಬಿನ ದಾರಿಯನ್ನು ನಮ್ಮ ನಾಡಿನವರೇ ಹಿಂದೆ ತೋರಿಸಿಕೊಟ್ಟಿರುವರು. ೧೯೯೫ರಲ್ಲಿ ಹರೀಶ್ ಹಂದೆಯವರು ಬೆಂಗಳೂರಿನಲ್ಲಿ ಸೆಲ್ಕೋ ಸಂಸ್ಥೆಯನ್ನು ಕಟ್ಟಿದರು. ದೀಪವನ್ನು ಮಾರಿ ಕೈತೊಳೆದುಕೊಳ್ಳದೆ, ಬಡವರಿಗೆ ಗ್ರಾಮೀಣ ಬ್ಯಾಂಕುಗಳಿಂದ ಸಾಲ ದೊರೆಯುವಂತೆ ಮಾಡಿ, ಕೆಟ್ಟದ್ದನ್ನು ಸರಿಪಡಿಸುವವರನ್ನು ಹಳ್ಳಿಯ ಸಮೀಪದಲ್ಲಿಯೇ ಇರಿಸಿದ್ದು ಅವರ ವಿಶೇಷ. ಈ ಸೇವೆಗಾಗಿ ೨೦೧೧ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು. ಸೌರಶಕ್ತಿಯಿಂದ ಹೊಲಿಗೆಯ ಯಂತ್ರವೂ ರೊಟ್ಟಿಯ ಯಂತ್ರವೂ ನಡೆಯುವುವು. ಜೋಳದ ರೊಟ್ಟಿಯನ್ನೇ ಉಂಡು ಬೆಳೆದ ನಮ್ಮ ಸೀಮೆಯ ಹೆಣ್ಣುಮಕ್ಕಳಿಗೆ ಇದಕ್ಕಿಂತ ಒಗ್ಗುವ ಉದ್ಯಮ ಯಾವುದು?

ಮನೆಯ ಮಾಳಿಗೆಯ ವಿಷಯವೂ ಹೀಗೆಯೇ. ಕೇಂದ್ರ ಸರ್ಕಾರವು ೨೦೨೪ರಲ್ಲಿ ಆರಂಭಿಸಿದ ಸೂರ್ಯಘರ್ ಯೋಜನೆಯಲ್ಲಿ ಒಂದು ಕಿಲೋವಾಟ್‌ಗೆ ೩೦,೦೦೦, ಎರಡಕ್ಕೆ ೬೦,೦೦೦, ಮೂರು ಅಥವಾ ಹೆಚ್ಚಿಗೆ ೭೮,೦೦೦ ರೂಪಾಯಿಗಳ ಸಹಾಯಧನವನ್ನು ಗೊತ್ತುಮಾಡಲಾಯಿತು. ಒಂದು ಕಿಲೋವಾಟ್ ಫಲಕವು ಒಳ್ಳೆಯ ಬಿಸಿಲಿನಲ್ಲಿ ದಿನಕ್ಕೆ ಸುಮಾರು ನಾಲ್ಕು ಯೂನಿಟ್ ಕೊಡುವುದು. ಆದರೆ ೨೦೨೩ರಲ್ಲಿ ಜಾರಿಗೆ ಬಂದ ಗೃಹಜ್ಯೋತಿಯಿಂದ ಬಿಲ್ಲು ಬಾರದ ಮನೆಯವರಿಗೆ ಇದರಿಂದ ಉಳಿತಾಯ ಅಲ್ಪ. ಗಿರಣಿ, ಅಂಗಡಿ, ಖಾನಾವಳಿ ನಡೆಸುವವರು ತಮ್ಮ ಬಿಲ್ಲನ್ನು ಮುಂದಿಟ್ಟುಕೊಂಡು ಲೆಕ್ಕ ಹಾಕುವುದು ಲೇಸು. ಹಗಲಿನಲ್ಲಿ ಹೆಚ್ಚು ವಿದ್ಯುತ್ತನ್ನು ಬಳಸುವವರು ಅವರೇ.

ಇಷ್ಟು ಫಲಕಗಳು ಊರೂರಿಗೆ ಬಂದ ಮೇಲೆ ಅವುಗಳನ್ನು ಕೂರಿಸುವವರಾರು? ನಮ್ಮ ಸೀಮೆಯ ಧೂಳು ಕವಿದರೆ ಫಲಕದ ಶಕ್ತಿ ಕುಂದುವುದು. ಫಲಕವು ಇಪ್ಪತ್ತೈದು ವರ್ಷ ಬಾಳಿದರೂ ಇನ್ವರ್ಟರು ಅಷ್ಟು ಕಾಲ ಬಾಳದು. ಅದು ಕೆಟ್ಟ ದಿನ ದೂರದ ನಗರದಿಂದ ಮೆಕ್ಯಾನಿಕ್ ಬರುವವರೆಗೆ ಗಿರಣಿ ನಿಂತೇ ಇರಬೇಕೆ? ಐ.ಟಿ.ಐ. ಕಲಿತ ನಮ್ಮ ಹುಡುಗನೊಬ್ಬನು ಈ ವಿದ್ಯೆಯನ್ನು ಕಲಿತರೆ ಅವನಿಗೆ ಊರಿನಲ್ಲಿಯೇ ಅನ್ನವುಂಟು. ಕೊಲ್ಲಿಯ ದೇಶಗಳಿಗೆ ಹೋದರೂ, ಬರಿಗೈಯ ಕೂಲಿಯಾಗಿ ಹೋಗುವುದಕ್ಕಿಂತ ಕಸುಬುಗಾರನಾಗಿ ಹೋಗಬಹುದು.

ಗೃಹಸ್ಥರಲ್ಲಿ ನಮ್ಮ ಬಿನ್ನಹವಿಷ್ಟೆ. ಕಂಪನಿಯವರು ಗುತ್ತಿಗೆಯ ಕಾಗದವನ್ನು ತಂದಲ್ಲಿ, ಅವಧಿ, ಏರಿಕೆ, ಕೊನೆಯಲ್ಲಿ ಭೂಮಿಯನ್ನು ಯಾವ ಸ್ಥಿತಿಯಲ್ಲಿ ಹಿಂದಿರುಗಿಸುವರು ಎಂಬ ಮೂರನ್ನು ಓದಿಸಿ ಕೇಳಿಯೇ ರುಜು ಹಾಕಿರಿ. ಸಾಧ್ಯವಾದಲ್ಲಿ ಮನೆಯ ಜೋಳಕ್ಕೆಂದು ಒಂದು ತುಂಡು ಹೊಲವನ್ನು ಉಳಿಸಿಕೊಳ್ಳಿರಿ. ಊರಿನ ಕೂಲಿಯವರ ಮಕ್ಕಳಿಗೆ ಕೆಲಸವನ್ನು ಕಲಿಸಬೇಕೆಂಬ ಮಾತನ್ನು ಪಂಚಾಯಿತಿಯವರು ಮೊದಲೇ ಎತ್ತಲಿ. ಬಿಸಿಲು ಯಾರು ಬೇಡದಿದ್ದರೂ ಬರುವುದು. ಅದರ ಫಲವನ್ನು ಮಾತ್ರ ಕಲಿತು, ಕೇಳಿ, ಕೈಯಾರೆ ಕೊಯ್ದುಕೊಳ್ಳಬೇಕು.